ಡ್ಯೂಕ್, ಕಳ್ಳಿ ಮತ್ತು ಒಂದು ಕರಾರಿನ ಮದುವೆ: ಇಂಗ್ಲೆಂಡಿನ ಐತಿಹಾಸಿಕ ಪ್ರಣಯ ಕಾದಂಬರಿಯನ್ನು ಕನ್ನಡದಲ್ಲಿ ಬರೆಯುವುದು ಹೇಗೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕು ಅನ್ನುತ್ತಾರೆ ನಮ್ಮಲ್ಲಿ. ಈ ಬಗೆಯ ಕಾದಂಬರಿಯಲ್ಲಿ ಉಲ್ಟಾ. ಮೊದಲು ಒಂದು ಮದುವೆ, ಆಮೇಲೆ ಅದನ್ನು ಉಳಿಸಿಕೊಳ್ಳಲು ಸಾವಿರ ಸುಳ್ಳು.

ಕಥೆಯ ಚೌಕಟ್ಟು ನಿಮಗೆ ಗೊತ್ತೇ ಇರುತ್ತದೆ. ಸಾಲದಲ್ಲೋ ಸಂಕಟದಲ್ಲೋ ಸಿಕ್ಕಿಕೊಂಡ ಒಬ್ಬ ಡ್ಯೂಕ್. ಅವನ ಮನೆಗೆ ಕನ್ನ ಹಾಕಲು ಬಂದ ಒಬ್ಬ ಹುಡುಗಿ. ಇಬ್ಬರಿಗೂ ಬೇರೆ ದಾರಿ ಇಲ್ಲದೆ ಒಂದು ಮದುವೆ. ಪ್ರೀತಿ ಆಮೇಲೆ. ಮದುವೆಯಾದ ಮೇಲೆ ಗಂಡನ ಮುಖ ಸರಿಯಾಗಿ ನೋಡಿದ ಅಜ್ಜಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದರು. ಹಾಗಾಗಿ ಈ ಕಥೆ ನಮಗೆ ಪರಕೀಯ ಅನಿಸುವುದಿಲ್ಲ.

ಆದರೆ ಬರೆಯಲು ಕೂತಾಗ ಎಡವುವುದು ಸುಲಭ. ನಾನು ಎಡವಿದ್ದೇನೆ. ನನ್ನ ಮೊದಲ ಪ್ರಯತ್ನದಲ್ಲಿ ಡ್ಯೂಕ್ ಹೇಳುತ್ತಾನೆ: 'ಒಂದು ವರ್ಷ ಗಂಡ ಹೆಂಡತಿಯಂತೆ ನಟಿಸೋಣ. ಒಬ್ಬರನ್ನೊಬ್ಬರು ಮುಟ್ಟುವುದು ಬೇಡ. ಆಮೇಲೆ ಮದುವೆ ರದ್ದು.' ಇನ್ನೂರು ಪುಟ ಬರೆದ ಮೇಲೆ ವಕೀಲಿ ಮಾಡುವ ಗೆಳತಿಯೊಬ್ಬಳು ಓದಿ ನಕ್ಕಳು. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮುಟ್ಟದೇ ಇದ್ದ ಮಾತ್ರಕ್ಕೆ ಮದುವೆ ರದ್ದಾಗುತ್ತಿರಲಿಲ್ಲ. ಇನ್ನೂರು ಪುಟ ರದ್ದಿಗೆ ಹೋಯಿತು. ಹೋಗಿದ್ದೇ ಒಳ್ಳೆಯದಾಯಿತು. ಈ ಕಥೆಗಳಲ್ಲಿ ಕಾನೂನು ಅಡ್ಡಿ ಅಲ್ಲ, ಅದೇ ಎಂಜಿನ್ ಅನ್ನುವುದು ಆಗ ತಲೆಗೆ ಹೊಕ್ಕಿತು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಗೌನು, ಚಂದಿರನ ಬೆಳಕುಗಳಿಗಿಂತ ಕಾಯ್ದೆಯ ಮಾತು ಜಾಸ್ತಿ.

ಹೆಜ್ಜೆ 1: ಒಂದು ವರ್ಷ ಹಿಡಿದುಕೊಳ್ಳಿ

'ಹಳೆಯ ಕಾಲದ ಇಂಗ್ಲೆಂಡು' ಅಂತ ಹೊರಡಬೇಡಿ. ವರ್ಷ ಬೇಕು. ಇಂಥ ಕಥೆಗಳಲ್ಲಿ ಹೆಚ್ಚಿನವು ನಡೆಯುವುದು ರೀಜೆನ್ಸಿ ಕಾಲದಲ್ಲಿ. ರಾಜ ಮೂರನೇ ಜಾರ್ಜ್‌ಗೆ ಬುದ್ಧಿಸ್ಥಿಮಿತ ತಪ್ಪಿ, ಅವನ ಮಗ ರೀಜೆಂಟ್ ಆಗಿ ಆಳಿದ 1811ರಿಂದ 1820ರವರೆಗಿನ ಕಾಲ ಅದು.

ನನ್ನನ್ನು ಕೇಳಿದರೆ 1816 ತೆಗೆದುಕೊಳ್ಳಿ. ಅದರ ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಧೂಳು ಮುಗಿಲಿಗೇರಿ 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜೂನ್, ಜುಲೈನಲ್ಲೂ ಚಳಿ, ಮಳೆ. ಬೆಳೆ ಹಾಳಾಯಿತು, ಬ್ರೆಡ್ಡಿನ ಬೆಲೆ ಏರಿತು. ನೆಪೋಲಿಯನ್ ಜೊತೆಗಿನ ಯುದ್ಧ ಮುಗಿದು ಸೈನಿಕರು ಕೆಲಸವಿಲ್ಲದೆ ಊರಿಗೆ ಮರಳಿದ್ದರು. ಮೇ ತಿಂಗಳಲ್ಲಿ ಈಲಿ, ಲಿಟಲ್‌ಪೋರ್ಟ್ ಕಡೆ ಹಸಿದ ಜನ ದಂಗೆ ಎದ್ದರು. ಅವರಲ್ಲಿ ಐವರನ್ನು ಗಲ್ಲಿಗೇರಿಸಿದರು.

ಈಗ ನೋಡಿ. ಡ್ಯೂಕ್‌ಗೆ ದುಡ್ಡಿಲ್ಲ ಯಾಕೆ? ಒಕ್ಕಲುಗಳು ಗೇಣಿ ಕೊಡಲು ಆಗುತ್ತಿಲ್ಲ. ಹುಡುಗಿ ಕಳ್ಳತನಕ್ಕೆ ಇಳಿದಳು ಯಾಕೆ? ಬ್ರೆಡ್ಡು ಕೊಳ್ಳಲು ಆಗುತ್ತಿಲ್ಲ. ಇಬ್ಬರ ಕಷ್ಟಕ್ಕೂ ಒಂದೇ ಮೋಡ ಕಾರಣ. ಸಾರೋಟಿನಲ್ಲಿ ಹೊರಟವರು ಮಳೆಗೆ ಸಿಕ್ಕಿ ಒಂದೇ ಕೋಣೆಯ ಛತ್ರದಲ್ಲಿ ರಾತ್ರಿ ಕಳೆಯುವ ಸವೆದ ದೃಶ್ಯ ಇದೆಯಲ್ಲ, ಅದಕ್ಕೂ ಈ ವರ್ಷದಲ್ಲಿ ಸಾಕ್ಷಿ ಸಿಗುತ್ತದೆ!

ಇನ್ನೂ ಬೇಕಾದರೆ, ಮೇ 2ರಂದು ರೀಜೆಂಟ್‌ನ ಮಗಳು ಶಾರ್ಲೆಟ್‌ಳ ಮದುವೆ. ಅದೇ ತಿಂಗಳು ಲಂಡನ್ನಿನ ಶೋಕಿಗೇ ಗುರುವಾಗಿದ್ದ ಬ್ಯೂ ಬ್ರಮೆಲ್ ಸಾಲಗಾರರಿಗೆ ಹೆದರಿ ಫ್ರಾನ್ಸಿಗೆ ಓಡಿಹೋದ. ಜುಲೈನಲ್ಲಿ, ರೀಜೆಂಟ್‌ನ ಕೂಟದಲ್ಲಿ ವಾಲ್ಟ್ಸ್ ಕುಣಿದರು ಅಂತ ಟೈಮ್ಸ್ ಪತ್ರಿಕೆ ಕೆಂಡ ಕಾರಿತು. ಗಂಡು ಹೆಣ್ಣು ಅಷ್ಟು ಹತ್ತಿರ ಹಿಡಿದುಕೊಂಡು ಕುಣಿಯುವುದೇ ಅಂತ.

ಹೆಜ್ಜೆ 2: ಡ್ಯೂಕ್ ಅಂದರೆ ಯಾರು

ಪದವಿಗಳ ಏಣಿ ಮೇಲಿಂದ ಕೆಳಗೆ ಹೀಗಿದೆ: ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್. ರಾಜಮನೆತನದವರನ್ನು ಬಿಟ್ಟರೆ ಆಗ ಇಡೀ ಬ್ರಿಟನ್, ಐರ್ಲೆಂಡಿನಲ್ಲಿ ಡ್ಯೂಕ್‌ಗಳು ಮೂವತ್ತು ಮಂದಿಯೂ ಇರಲಿಲ್ಲ. ಅವರಲ್ಲೂ ಮುಪ್ಪಿನವರು, ಮಕ್ಕಳೊಂದಿಗರು ಎಷ್ಟೋ. ಕಾದಂಬರಿಗಳಲ್ಲಿ ಮಾತ್ರ ಮೂವತ್ತರ ಹರೆಯದ ಸುಂದರ ಡ್ಯೂಕ್‌ಗಳು ಬೀದಿಗೊಬ್ಬರು. ಅದನ್ನು ಓದುಗರು ಕ್ಷಮಿಸುತ್ತಾರೆ. ಕೆಳಗಿನ ತಪ್ಪುಗಳನ್ನು ಕ್ಷಮಿಸುವುದಿಲ್ಲ.

ಡ್ಯೂಕ್‌ನನ್ನು ಆಳುಗಳು 'ಮೈ ಲಾರ್ಡ್' ಅನ್ನುವುದಿಲ್ಲ, 'ಯುವರ್ ಗ್ರೇಸ್' ಅನ್ನುತ್ತಾರೆ. ಸರೀಕರು 'ಡ್ಯೂಕ್' ಅಂತಲೋ ಪದವಿಯ ಹೆಸರಿನಿಂದಲೋ ಕರೆಯುತ್ತಾರೆ. ಪದವಿಯ ಹೆಸರು ಬೇರೆ, ಮನೆತನದ ಹೆಸರು ಬೇರೆ. ಸಹಿ ಹಾಕುವಾಗ ಬರೀ ಪದವಿಯ ಹೆಸರು.

ಪದವಿಯನ್ನು ಮಾರಲಾಗದು, ಜೂಜಿನಲ್ಲಿ ಸೋಲಲಾಗದು, ದತ್ತುಮಗನಿಗೆ ಕೊಡಲಾಗದು. ಮದುವೆಯ ಆಚೆ ಹುಟ್ಟಿದ ಮಗನಿಗೂ ಸಿಗದು. 'ವರ್ಷದೊಳಗೆ ಮದುವೆಯಾಗದಿದ್ದರೆ ಡ್ಯೂಕ್ ಪಟ್ಟ ತಮ್ಮನಿಗೆ' ಅಂತ ಅಪ್ಪ ವಿಲ್ ಬರೆದಿಟ್ಟ ಕಥೆ ಸಾಗುವುದೇ ಇಲ್ಲ. ಮೂಲ ಜಮೀನು, ಬಂಗಲೆ ಕೂಡ ಸಾಮಾನ್ಯವಾಗಿ ಕುಟುಂಬದ ಕಟ್ಟುಪಾಡಿನಲ್ಲಿ ಕಟ್ಟಿಹಾಕಿರುತ್ತಿದ್ದವು. ನಮ್ಮ ಪಿತ್ರಾರ್ಜಿತ ಆಸ್ತಿ ನೆನೆಸಿಕೊಳ್ಳಿ, ಅದಕ್ಕಿಂತ ಇನ್ನೂ ಬಿಗಿ. ಹಾಗಾದರೆ ವಿಲ್‌ನಲ್ಲಿ ಷರತ್ತು ಹಾಕುವವರು ಯಾರು? ಅಜ್ಜಿ. ಅವಳ ಸ್ವಂತ ದುಡ್ಡು, ಬ್ಯಾಂಕಿನ ಬಾಂಡುಗಳು, ಅವಳು ಯಾರಿಗೆ ಬೇಕಾದರೂ ಹೇಗೆ ಬೇಕಾದರೂ ಬರೆಯಬಹುದು. ಕಥೆಗೆ ಹಟಮಾರಿ ಅಜ್ಜಿಗಿಂತ ದೊಡ್ಡ ಆಸ್ತಿ ಇಲ್ಲ.

ಇನ್ನೊಂದು ತಮಾಷೆ. ಸಾಲ ತೀರಿಸದ ಸಾಮಾನ್ಯನನ್ನು ಜೈಲಿಗೆ ಹಾಕುತ್ತಿದ್ದರು. ಡ್ಯೂಕ್‌ನನ್ನು ಸಾಲಕ್ಕೆ ಬಂಧಿಸುವಂತಿರಲಿಲ್ಲ. ಹಾಗಾಗಿ ನಿಮ್ಮ ನಾಯಕನಿಗೆ ಜೈಲಿನ ಭಯ ಇಲ್ಲ. ಅವನ ಸಂಕಟ ಬೇರೆ ಇರಬೇಕು: ಮದುವೆಗೆ ಬಂದ ತಂಗಿ, ಮಳೆಯಲ್ಲಿ ಕೊಳೆಯುತ್ತಿರುವ ಫಸಲು, ಸೋರುತ್ತಿರುವ ಮಾಡು.

ಹೆಜ್ಜೆ 3: ಕಳ್ಳಿಗೆ ಕಸುಬು ಕೊಡಿ

'ಅವಳು ಕಳ್ಳಿ' ಅಂದರೆ ಸಾಲದು. (ಮುಳ್ಳಿನ ಗಿಡಕ್ಕೂ ಕನ್ನಡದಲ್ಲಿ ಇದೇ ಹೆಸರು. ಶೀರ್ಷಿಕೆ ಹುಡುಕುವವರು ಗಮನಿಸಿ.) ಜೇಬುಗಳ್ಳಿಯೋ, ಬೀಗ ತೆರೆಯುವವಳೋ, ಕೆಲಸದವಳಂತೆ ಸೇರಿಕೊಂಡು ಬೆಳ್ಳಿ ಸಾಗಿಸುವವಳೋ? ಕಸುಬು ಗೊತ್ತಾದರೆ ಕೈ, ಕಣ್ಣು, ನಡಿಗೆ ತಾನಾಗಿ ಬರುತ್ತವೆ.

ಆಗ ಹೆಂಗಸರ ಉಡುಪು ಎದೆಯ ಕೆಳಗಿನಿಂದ ನೇರ ಇಳಿಯುವ ತೆಳು ಮಸ್ಲಿನ್. ಹಳೆಯ ಕಾಲದ ಅಗಲ ಲಂಗದೊಳಗೆ ಕಟ್ಟಿಕೊಳ್ಳುತ್ತಿದ್ದ ಜೇಬಿಗೆ ಅದರಲ್ಲಿ ಜಾಗ ಇಲ್ಲ. ಹಾಗಾಗಿ ಕೈಯಲ್ಲಿ ರೆಟಿಕ್ಯೂಲ್ ಅನ್ನುವ ಪುಟ್ಟ ಚೀಲ ಬಂತು. ಜೇಬುಗಳ್ಳರಿಗೆ ಹಬ್ಬ. ಗಂಡಸರಿಂದ ಹೆಚ್ಚು ಹೋಗುತ್ತಿದ್ದುದು ರೇಷ್ಮೆ ಕರವಸ್ತ್ರ, ಗಡಿಯಾರ, ನಶ್ಯದ ಡಬ್ಬಿ. ಕದ್ದ ಮಾಲು ಕೊಳ್ಳುವವರ ಅಂಗಡಿಗಳು ಇದ್ದವು. ಲಂಡನ್ನಿನ ಸೇಂಟ್ ಜೈಲ್ಸ್, ಸೆವೆನ್ ಡಯಲ್ಸ್ ಕಡೆಯ ಗಲ್ಲಿಗಳು ಬಡತನಕ್ಕೂ ಕಳ್ಳತನಕ್ಕೂ ಹೆಸರಾಗಿದ್ದವು.

ಶಿಕ್ಷೆಯ ಲೆಕ್ಕ ತಿಳಿದಿರಲಿ. ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಇದ್ದ ಕಾಲ. ಜೇಬುಗಳ್ಳತನಕ್ಕೆ ಇದ್ದ ಗಲ್ಲನ್ನು 1808ರಲ್ಲಿ ತೆಗೆದರು. ಆದರೆ ಮನೆಯೊಳಗಿನಿಂದ 40 ಶಿಲ್ಲಿಂಗ್, ಅಂದರೆ 2 ಪೌಂಡ್ ಬೆಲೆಯ ವಸ್ತು ಕದ್ದರೆ ಗಲ್ಲು ಹಾಗೇ ಇತ್ತು. ಮರುಕ ಬಂದ ಜ್ಯೂರಿಯವರು ಏನು ಮಾಡುತ್ತಿದ್ದರು ಗೊತ್ತಾ? ಹತ್ತು ಪೌಂಡಿನ ಮಾಲಿಗೂ '39 ಶಿಲ್ಲಿಂಗ್' ಅಂತ ಬೆಲೆ ಕಟ್ಟುತ್ತಿದ್ದರು. ಜೀವ ಉಳಿಯುತ್ತಿತ್ತು, ಆಸ್ಟ್ರೇಲಿಯಾಕ್ಕೆ ಗಡೀಪಾರು ಆಗುತ್ತಿತ್ತು. ಏಳು ವರ್ಷ, ಹದಿನಾಲ್ಕು ವರ್ಷ ಅಥವಾ ಜೀವಮಾನ. '39 ಶಿಲ್ಲಿಂಗ್' ಅನ್ನುವ ಈ ಒಂದು ಅಂಕಿಯ ಮೇಲೆ ಒಂದಿಡೀ ಅಧ್ಯಾಯ ಕಟ್ಟಬಹುದು.

ಪೊಲೀಸರನ್ನು ಕರೆಸಬೇಡಿ. ಲಂಡನ್ನಿಗೆ ಪೊಲೀಸ್ ಪಡೆ ಬಂದಿದ್ದು 1829ರಲ್ಲಿ. ಆಗ ಇದ್ದವರು ರಾತ್ರಿ ಗಸ್ತಿನ ಮುದುಕರು, ಮತ್ತು ಬೋ ಸ್ಟ್ರೀಟಿನ ಕೆಲವೇ ಮಂದಿ ಪತ್ತೆದಾರರು. ದುಡ್ಡು ಕೊಟ್ಟರೆ ಖಾಸಗಿಯಾಗಿಯೂ ಬರುತ್ತಿದ್ದರು. ಕೆಲವು ಅಪರಾಧಗಳಲ್ಲಿ ಕಳ್ಳನಿಗೆ ಶಿಕ್ಷೆಯಾದರೆ ಸರ್ಕಾರ 40 ಪೌಂಡ್ ಬಹುಮಾನ ಕೊಡುತ್ತಿತ್ತು. ಅದರ ಆಸೆಗೆ ಬಡ ಹುಡುಗರನ್ನು ಕಳ್ಳತನಕ್ಕೆ ತಾವೇ ಹಚ್ಚಿ, ತಾವೇ ಹಿಡಿದುಕೊಡುವವರೂ ಹುಟ್ಟಿಕೊಂಡರು. ಬೋ ಸ್ಟ್ರೀಟ್ ಗಸ್ತಿನವನೊಬ್ಬ ಹೀಗೆ ಸಿಕ್ಕಿಬಿದ್ದಿದ್ದು 1816ರಲ್ಲೇ. ನಿಮ್ಮ ಖಳನಾಯಕ ರೆಡಿ.

ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ವಿಚಾರಣೆಗಳ ವರದಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ವಾರ ಅದರಲ್ಲೇ ಮುಳುಗಿ. ಕಳ್ಳರ ಮಾತು, ಸಾಕ್ಷಿಗಳ ಮಾತು, ಕದ್ದ ಚಮಚದ ತೂಕ, ಎಲ್ಲ ಅಲ್ಲಿದೆ.

ಹೆಜ್ಜೆ 4: ಕದ್ದ ಮಾಲು ಯಾವುದು?

ಇಲ್ಲಿ ಕನ್ನಡದವರ ಕೈಯಲ್ಲಿ ಒಂದು ತುರುಪು ಇದೆ. ಇಂಗ್ಲಿಷಿನಲ್ಲಿ ಬರೆಯುವವರು ವಜ್ರದ ಹಾರ ಅಂತ ಸುಮ್ನೆ ಬರೆದು ಮುಂದೆ ಹೋಗುತ್ತಾರೆ. ನೀವು ಕೇಳಿ: ಆ ಹಾರ ಡ್ಯೂಕ್‌ನ ಮನೆಗೆ ಬಂದಿದ್ದು ಎಲ್ಲಿಂದ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಖಜಾನೆಯನ್ನು ಸೈನ್ಯ ಪಾಲು ಹಾಕಿಕೊಂಡಿತು. ಅಧಿಕೃತ ಪಾಲಿನ ಆಚೆ ಊರೊಳಗೆ ಲೂಟಿಯೂ ನಡೆಯಿತು. ಅಲ್ಲಿಂದ ಹೋದ ಹುಲಿಬೊಂಬೆ ಲಂಡನ್ನಿನ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಕಂಪನಿ ಕಚೇರಿಯಲ್ಲಿ 1808ರಿಂದ ಜನರ ನೋಟಕ್ಕಿತ್ತು. 1816ರ ನಿಮ್ಮ ಕಳ್ಳಿ ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ಹೋಗಿ ಅದನ್ನು ನೋಡಿರಬಹುದು. ಡ್ಯೂಕ್‌ನ ಚಿಕ್ಕಪ್ಪ ಆ ಯುದ್ಧದಲ್ಲಿ ಇದ್ದ ಅಂತ ಇಟ್ಟುಕೊಳ್ಳಿ. ಹಾರ ಅಲ್ಲಿಂದ ಬಂತು. 'ನನ್ನ ಮನೆಯ ಹಾರ ಕದ್ದೆ' ಅಂತ ಡ್ಯೂಕ್ ಗುಡುಗುತ್ತಾನೆ. 'ಅದಕ್ಕಿಂತ ಮುಂಚೆ ಯಾರ ಮನೆಯದಾಗಿತ್ತು?' ಅನ್ನುತ್ತಾಳೆ ಅವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಅವನದು.

ಇದು ಬಲವಂತದ ಸಂಬಂಧ ಅಲ್ಲ. ಆ ಕಾಲದ ಅತಿ ಹೆಸರುವಾಸಿ ಡ್ಯೂಕ್ ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ವಾಸವಿದ್ದವನು. ಆರ್ಥರ್ ವೆಲ್ಲೆಸ್ಲಿ, 1814ರಲ್ಲಿ ವೆಲಿಂಗ್ಟನ್ನಿನ ಡ್ಯೂಕ್ ಆದ. 1800ರಲ್ಲಿ ಅವನು ಬೆನ್ನಟ್ಟಿದ್ದು ಚನ್ನಗಿರಿಯ ಧೋಂಡಿಯಾ ವಾಘ್‌ನನ್ನು. ಪಟ್ಟಣ ಬಿದ್ದಾಗ ಸೆರೆಯಿಂದ ತಪ್ಪಿಸಿಕೊಂಡು ದಂಡು ಕಟ್ಟಿದವನು. ಇಂಗ್ಲಿಷರ ಕಾಗದಗಳಲ್ಲಿ ಅವನು ಬರೀ ದರೋಡೆಕೋರ. ಅವನು ತನ್ನನ್ನು ಕರೆದುಕೊಂಡಿದ್ದು ಎರಡು ಲೋಕದ ಒಡೆಯ ಅಂತ. ಸೆಪ್ಟೆಂಬರ್‌ನಲ್ಲಿ ಕೋಣಗಲ್ ಬಳಿ ಅವನು ಸತ್ತ. ಅವನ ಪುಟ್ಟ ಮಗನನ್ನು ಸಾಕುವ ಹೊಣೆ ಹೊತ್ತವನು ಅದೇ ವೆಲ್ಲೆಸ್ಲಿ. ಡ್ಯೂಕು, ಕಳ್ಳ, ಇಬ್ಬರ ನಡುವೆ ಒಂದು ಮಗು. ಯಾರೂ ಕಟ್ಟಿದ ಕಥೆ ಅಲ್ಲ, ನಡೆದಿದ್ದು.

ವೆಲ್ಲೆಸ್ಲಿಯ ಮದುವೆಯೂ ಪಾಠವೇ. 1790ರ ದಶಕದಲ್ಲಿ ಕಿಟ್ಟಿ ಪಾಕೆನಮ್‌ಳನ್ನು ಕೇಳಿದಾಗ, ಕೈಯಲ್ಲಿ ಕಾಸಿಲ್ಲ ಅಂತ ಅವಳ ಮನೆಯವರು ಕಳಿಸಿಬಿಟ್ಟಿದ್ದರು. ಇಂಡಿಯಾದಿಂದ ದುಡ್ಡು, ಹೆಸರು ಮಾಡಿಕೊಂಡು ಮರಳಿದ. ನಡುವೆ ಅವಳ ಮುಖವನ್ನೇ ನೋಡದೆ, ಕೊಟ್ಟ ಮಾತಿಗೆ ಕಟ್ಟುಬಿದ್ದು 1806ರಲ್ಲಿ ಮದುವೆಯಾದ. ಸುಖವಾಗಿ ಬಾಳಲಿಲ್ಲ. ಬರೀ ಮಾತು ಉಳಿಸಿಕೊಳ್ಳಲು ಆದ ಮದುವೆ ಹೇಗೆ ಒಣಗುತ್ತದೆ ಅಂತ ತಿಳಿಯಬೇಕಾದರೆ ಅವರಿಬ್ಬರ ಬದುಕು ಓದಿ.

ಹೆಜ್ಜೆ 5: ಮದುವೆ ಯಾಕೆ ಆಗಲೇಬೇಕು?

ಕಾದಂಬರಿಯ ಕೀಲು ಇದು. ಇಬ್ಬರಲ್ಲಿ ಒಬ್ಬರಿಗಾದರೂ 'ಬೇಡ' ಅಂದು ಎದ್ದುಹೋಗುವ ದಾರಿ ಇದ್ದರೆ ಓದುಗರು ಪುಸ್ತಕ ಮುಚ್ಚುತ್ತಾರೆ. ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿ. ಮುಚ್ಚಲು ಕಾಯ್ದೆಯೇ ನೆರವಾಗುತ್ತದೆ.

ಆಗ ಕಳ್ಳತನದ ಕೇಸು ನಡೆಸುವುದು ಸರ್ಕಾರ ಅಲ್ಲ, ಕಳೆದುಕೊಂಡವನು. ಅಂದರೆ ಅವಳ ಕುತ್ತಿಗೆ ಡ್ಯೂಕ್‌ನ ಕೈಯಲ್ಲಿದೆ. 'ಹಾರ ವಾಪಸ್ ಕೊಡು, ನಾನು ಹೇಳಿದ ಹಾಗೆ ಕೇಳು, ಕೇಸು ಹಾಕುವುದಿಲ್ಲ' ಅನ್ನುತ್ತಾನೆ. ಎಲ್ಲರೂ ಬರೆಯುವುದು ಇಲ್ಲಿಯವರೆಗೆ. ಆದರೆ ಕದ್ದ ಮಾಲು ಅಥವಾ ಬೇರೆ ಲಾಭ ಪಡೆದು ಕೇಸು ಬಿಡುತ್ತೇನೆ ಅನ್ನುವ ಒಪ್ಪಂದವೇ ಒಂದು ಅಪರಾಧ! ಇದನ್ನು ಕಳ್ಳಿಗೆ ತಿಳಿಸಿಬಿಡಿ. ನ್ಯೂಗೇಟ್ ಜೈಲಿನ ಅಂಗಳದಲ್ಲಿ ಬೆಳೆದವಳಿಗೆ ಕಾಯ್ದೆ ಡ್ಯೂಕ್‌ಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಈಗ ಅವನ ಜುಟ್ಟೂ ಅವಳ ಕೈಯಲ್ಲಿ.

ಇನ್ನು ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಸಾಕ್ಷಿ ಹೇಳುವಂತಿರಲಿಲ್ಲ. ಹೊಡೆತ, ಹಲ್ಲೆಯಂಥ ಕೆಲವು ಸಂದರ್ಭ ಬಿಟ್ಟರೆ, ಕೋರ್ಟು ಕೇಳುತ್ತಲೇ ಇರಲಿಲ್ಲ. ಇಬ್ಬರ ಬಾಯಿಯನ್ನೂ ಒಟ್ಟಿಗೆ ಮುಚ್ಚುವ ಒಂದೇ ಬೀಗ ಅಂದರೆ ಮದುವೆ. ಜೊತೆಗೆ ಅಜ್ಜಿಯ ವಿಲ್ ಬೇರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಲೆಕ್ಕ ಇಲ್ಲಿ ಹುಟ್ಟುತ್ತದೆ.

ಮದುವೆಯಾದ ಗಳಿಗೆಯಿಂದ ಏನೇನು ಬದಲಾಗುತ್ತದೆ ನೋಡಿ. ಅವಳ ಗಂಟು, ಕಾಸು, ಅಡಗಿಸಿಟ್ಟ ನಾಣ್ಯ ಎಲ್ಲವೂ ಕಾಯ್ದೆಯಲ್ಲಿ ಅವನದು. ಅವಳ ಸಾಲವೂ ಅವನದು. ಹೆಂಡತಿಗೆ ಬೇರೆ ಅಸ್ತಿತ್ವವೇ ಇಲ್ಲ, ಇಬ್ಬರೂ ಒಬ್ಬರೇ. ಆದ್ದರಿಂದ ಹೆಂಡತಿ ಗಂಡನ ವಸ್ತು ಎತ್ತಿಕೊಂಡರೆ ಅದು ಕಳ್ಳತನವೇ ಅಲ್ಲ! ಮದುವೆಯ ಮರುದಿನ ಬೆಳಗ್ಗೆ ಅವಳು ಡ್ಯೂಕ್‌ನ ಕಣ್ಣೆದುರೇ ಅವನ ಗಡಿಯಾರ ಎಗರಿಸಿ 'ಈಗ ಏನು ಮಾಡುತ್ತೀರಿ?' ಅಂತ ನಗಬಹುದು. ನನಗೆ ಈ ದೃಶ್ಯ ಎಷ್ಟು ಹಿಡಿಸಿತೆಂದರೆ ಇದಕ್ಕಾಗಿ ಮೂರು ಅಧ್ಯಾಯ ಮೊದಲೇ ಗಡಿಯಾರವನ್ನು ಕಥೆಯೊಳಗೆ ತಂದಿಟ್ಟೆ.

ಇನ್ನೂ ಇದೆ. ದೊಡ್ಡ ಅಪರಾಧಕ್ಕೆ ಡ್ಯೂಕ್‌ನ ವಿಚಾರಣೆ ನಡೆಯುವುದು ಓಲ್ಡ್ ಬೇಲಿಯಲ್ಲಿ ಅಲ್ಲ, ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ. ಅವನ ಹೆಂಡತಿಗೂ, ಅಂದರೆ ಡಚೆಸ್‌ಗೂ, ಅದೇ ಹಕ್ಕು. 1776ರಲ್ಲಿ ಕಿಂಗ್ಸ್ಟನ್ನಿನ ಡಚೆಸ್ ಆಗಿದ್ದ ಎಲಿಜಬೆತ್ ಚಡ್ಲಿಯ ಮೇಲೆ ಇಬ್ಬರು ಗಂಡಂದಿರ ಕೇಸು ನಡೆಯಿತು. ವೆಸ್ಟ್‌ಮಿನ್‌ಸ್ಟರ್ ಹಾಲ್ ಕಿಕ್ಕಿರಿದಿತ್ತು. ತಪ್ಪು ಸಾಬೀತಾಯಿತು. ಪದವಿಯ ಹಕ್ಕು ಹೇಳಿಕೊಂಡು ಶಿಕ್ಷೆಯಿಲ್ಲದೆ ಹೊರಬಂದಳು. ಸೇಂಟ್ ಜೈಲ್ಸ್‌ನ ಹುಡುಗಿಗೆ ಡಚೆಸ್ ಪಟ್ಟ ಅಂದರೆ ರೇಷ್ಮೆ, ಮುತ್ತು ಅಲ್ಲ. ನೇಣಿನಿಂದ ಒಂದು ಮಾರು ದೂರ.

ಬಿಡುಗಡೆ? ಮರೆತುಬಿಡಿ. ಚರ್ಚಿನ ಕೋರ್ಟು ಕೊಡುತ್ತಿದ್ದುದು ಬೇರೆ ಇರಲು ಅನುಮತಿ ಅಷ್ಟೇ, ಮರುಮದುವೆಗೆ ಅಲ್ಲ. ಪೂರ್ತಿ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಒಂದು ಪ್ರತ್ಯೇಕ ಕಾಯ್ದೆಯೇ ಆಗಬೇಕು. 1857ರಲ್ಲಿ ಈ ಪದ್ಧತಿ ಮುಗಿಯುವವರೆಗೆ ಅಂಥವು ಆಗಿದ್ದು 300ಕ್ಕಿಂತ ಸ್ವಲ್ಪ ಜಾಸ್ತಿ. ಹೆಂಗಸರು ಕೇಳಿ ಪಡೆದಿದ್ದು ನಾಲ್ಕೇ. ಗಂಡನಿಗೆ ಪುರುಷತ್ವ ಇಲ್ಲ ಅಂತ ಸಾಧಿಸಿದರೆ ಮದುವೆ ರದ್ದು ಮಾಡಿಸಬಹುದಿತ್ತು. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷ ಒಟ್ಟಿಗೆ ಬಾಳಿರಬೇಕು, ಆಮೇಲೆ ವೈದ್ಯರ ತಪಾಸಣೆ. ಯಾವ ಡ್ಯೂಕ್ ಒಪ್ಪುತ್ತಾನೆ ಹೇಳಿ.

ಹೆಜ್ಜೆ 6: ಮದುವೆಯ ಕಾಗದ ಸರಿ ಇರಲಿ

1754ರಿಂದ ಜಾರಿಯಲ್ಲಿದ್ದ ಹಾರ್ಡ್‌ವಿಕ್ ಕಾಯ್ದೆಯ ಪ್ರಕಾರ ದಾರಿ ಮೂರು. ಒಂದು, ಮೂರು ಭಾನುವಾರ ಚರ್ಚಿನಲ್ಲಿ ಹೆಸರು ಕೂಗಿಸುವುದು. ಎರಡು, ಬಿಷಪ್ ಕಡೆಯಿಂದ ಸಾಧಾರಣ ಲೈಸೆನ್ಸ್. ಆಗಲೂ ಇಬ್ಬರಲ್ಲಿ ಒಬ್ಬರು ನಾಲ್ಕು ವಾರ ವಾಸವಿದ್ದ ಪ್ಯಾರಿಷ್ ಚರ್ಚಿನಲ್ಲೇ, ಬೆಳಗ್ಗೆ 8ರಿಂದ 12ರೊಳಗೆ. ಮೂರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಕೊಡುವ ವಿಶೇಷ ಲೈಸೆನ್ಸ್. ಎಲ್ಲಿ ಬೇಕಾದರೂ, ಎಷ್ಟು ಹೊತ್ತಿಗೆ ಬೇಕಾದರೂ ಮದುವೆಯಾಗಬಹುದು. ದೊಡ್ಡ ಪದವಿಯವರಿಗಷ್ಟೇ ಸಿಗುತ್ತಿತ್ತು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ಡಾಕ್ಟರ್ಸ್ ಕಾಮನ್ಸ್ ಅನ್ನುವ ಚರ್ಚ್ ವಕೀಲರ ಕಚೇರಿಗೆ ಹೋಗಿ ತರಬೇಕು.

ಹುಡುಗಿಗೆ 21 ತುಂಬಿರಲಿ. ಅದಕ್ಕಿಂತ ಚಿಕ್ಕವಳಾಗಿ, ಅಪ್ಪನ ಒಪ್ಪಿಗೆ ಇಲ್ಲದೆ ಲೈಸೆನ್ಸ್ ಮೇಲೆ ಮದುವೆಯಾದರೆ ಅದು ಮದುವೆಯೇ ಅಲ್ಲ. ನಿಮಗೆ ಮದುವೆ ಮುರಿಯುವ ತಿರುವು ಬೇಕಿದ್ದರೆ ಮಾತ್ರ ಅವಳ ವಯಸ್ಸು 20 ಮಾಡಿ, ಸತ್ತನೆಂದುಕೊಂಡ ಅಪ್ಪನನ್ನು ಕೊನೆಯಲ್ಲಿ ಕರೆತನ್ನಿ. ಸ್ಕಾಟ್ಲೆಂಡಿನ ಗಡಿಯ ಗ್ರೆಟ್ನಾ ಗ್ರೀನ್‌ಗೆ ಓಡಿಹೋಗುತ್ತಿದ್ದುದು ಈ ವಯಸ್ಸಿನ ತೊಡಕಿಗೇ. ಲಂಡನ್ನಿನಿಂದ ಮುನ್ನೂರು ಮೈಲಿಗೂ ಜಾಸ್ತಿ. 'ರಾತ್ರಿ ಹೊರಟು ಬೆಳಗ್ಗೆ ಸೇರಿದರು' ಅಂತ ಬರೆದರೆ ಕುದುರೆಗಳು ಸತ್ತುಹೋಗುತ್ತವೆ.

ರಿಜಿಸ್ಟರ್‌ನಲ್ಲಿ ಇಬ್ಬರೂ ಸಹಿ ಹಾಕಬೇಕು, ಓದು ಬಾರದವರು 'X' ಗುರುತು ಹಾಕಬೇಕು. ಇಲ್ಲಿ ನಿಧಾನ ಮಾಡಿ. ಅವಳು ಏನು ಮಾಡುತ್ತಾಳೆ? ಗುರುತು ಹಾಕಲು ಪಾದ್ರಿ ಬೆರಳಿನಿಂದ ಜಾಗ ತೋರಿಸುತ್ತಾನೆ, ಅವಳು ಲೇಖನಿ ತೆಗೆದುಕೊಂಡು ಚೆಂದದ ಅಕ್ಷರದಲ್ಲಿ ಹೆಸರು ಬರೆಯುತ್ತಾಳೆ. ಡ್ಯೂಕ್ ಮೊದಲ ಸಲ ಅವಳನ್ನು ನಿಜವಾಗಿ ನೋಡುತ್ತಾನೆ. ಬರೆದಿದ್ದು ಸುಳ್ಳು ಹೆಸರಾಗಿದ್ದರೆ? ಆ ರಿಜಿಸ್ಟರ್‌ಗೆ ಬೇಕೆಂದೇ ಸುಳ್ಳು ಸೇರಿಸುವುದು ಮರಣದಂಡನೆಯ ಅಪರಾಧ. ಒಂದು ಹಾರದಿಂದ ಬಿಡಿಸಿಕೊಳ್ಳಲು ಹೋಗಿ ಇನ್ನೊಂದು ನೇಣಿಗೆ ಕೊರಳು ಕೊಟ್ಟ ಹಾಗೆ.

ಹೆಜ್ಜೆ 7: ಕರಾರನ್ನು ನಿಜವಾಗಿ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಡ್ಯೂಕ್ ಮತ್ತು ಅವಳು ಮೇಜಿನ ಎರಡು ಕಡೆ ಕೂತು ಚೌಕಾಸಿ ಮಾಡಿದ ಕರಾರನ್ನು ನೀವೇ ಬರೆಯಿರಿ. ಆರೇಳು ಷರತ್ತು ಸಾಕು. ಗೆರೆಗಳ ನಡುವೆ ಅವರವರ ಭಯ ಕಾಣಬೇಕು. ನನ್ನ ಹಾಳೆಯಲ್ಲಿ ಇದ್ದವು ಇವು: ಒಬ್ಬರ ಕೋಣೆಗೆ ಇನ್ನೊಬ್ಬರು ಬಾಗಿಲು ತಟ್ಟದೆ ಬರಬಾರದು. ಅವಳು ಲಂಡನ್ನಿನಲ್ಲಿ ಕದಿಯಬಾರದು. ಅವನು ಅವಳ ಹಿಂದಿನ ಬದುಕಿನ ಬಗ್ಗೆ ಕೇಳಬಾರದು. ಅವಳ ತಮ್ಮನನ್ನು ನ್ಯೂಗೇಟಿನಿಂದ ಬಿಡಿಸಬೇಕು. ವರ್ಷಕ್ಕೆ ಇಷ್ಟು ಕೈಖರ್ಚು, ಟ್ರಸ್ಟಿಗಳ ಮೂಲಕ. (ಟ್ರಸ್ಟಿಗಳ ಮೂಲಕ ಅನ್ನುವುದು ಮುಖ್ಯ. ಇಲ್ಲದಿದ್ದರೆ ಆ ದುಡ್ಡೂ ಗಂಡನದೇ.) ಊಟದ ಮೇಜಿನಲ್ಲಿ ಸುಳ್ಳು ಹೇಳಬಹುದು, ಇಬ್ಬರೇ ಇದ್ದಾಗ ಹೇಳಬಾರದು.

ಈಗ ಒಂದೊಂದು ಅಧ್ಯಾಯದಲ್ಲಿ ಒಂದೊಂದು ಷರತ್ತು ಮುರಿಯಲಿ. ಯಾರು ಮುರಿದರು, ಯಾಕೆ ಮುರಿದರು ಅನ್ನುವುದೇ ಪ್ರೀತಿಯ ಕಥೆ. ಜ್ವರ ಬಂದಾಗ ಬಾಗಿಲು ತಟ್ಟದೆ ಒಳಗೆ ಬಂದ. ಅವನ ತಂಗಿಯ ಪ್ರೇಮಪತ್ರಗಳನ್ನು ಇಟ್ಟುಕೊಂಡು ಬೆದರಿಸುತ್ತಿದ್ದವನ ಮನೆಯಿಂದ ಅವನ್ನು ತರಲು ಅವಳು ಮತ್ತೆ ಕದ್ದಳು. ಕೊನೆಯ ಷರತ್ತನ್ನು ಮಾತ್ರ ಮುಕ್ಕಾಲು ಕಥೆಯವರೆಗೆ ಉಳಿಸಿಕೊಳ್ಳಿ. ಇಬ್ಬರೇ ಇದ್ದಾಗ ಹೇಳಿದ ಒಂದು ಸುಳ್ಳು ಬೇರೆಲ್ಲ ಕಳ್ಳತನಕ್ಕಿಂತ ಜಾಸ್ತಿ ನೋಯಿಸಬೇಕು.

ನನಗೆ ಒಂದು ವಿಷಯದಲ್ಲಿ ರಾಜಿ ಇಲ್ಲ. ನೇಣು ತೋರಿಸಿ ಮದುವೆಯಾದವನು, ನೇಣು ಕೈಯಲ್ಲಿ ಹಿಡಿದೇ ಪ್ರೀತಿ ಕೇಳುವಂತಿಲ್ಲ. ಎಷ್ಟೋ ಕಾದಂಬರಿಗಳು ಇಲ್ಲಿ ಕಣ್ಣು ಮುಚ್ಚುತ್ತವೆ, ಓದುವಾಗ ನನಗೆ ಹೊಟ್ಟೆ ತೊಳಸುತ್ತದೆ. ಕಥೆಯ ನಡುಮಧ್ಯದಲ್ಲಿ ಅವನು ಹಿಡಿತ ಬಿಡಬೇಕು. ಅವಳು ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಅವಳ ಕೈಗೇ ಕೊಡಲಿ. ದೂರದ ಊರಿಗೆ ಹೋಗಲು ದುಡ್ಡು, ಗಾಡಿ ಸಿದ್ಧ ಮಾಡಲಿ. ಅವಳು ಹೋಗಲಿ ಕೂಡ. ಆಮೇಲೆ ತಾನಾಗಿ ಬಂದರೆ ಅದಕ್ಕೊಂದು ಬೆಲೆ.

ಹೆಜ್ಜೆ 8: ನೀವು, ನೀನು

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ಒಂದು ಸಂಪತ್ತು ನಮಗಿದೆ. ಅವರಿಗೆ ಎಲ್ಲರೂ ಒಂದೇ. ನಮಗೆ ನೀವು ಬೇರೆ, ನೀನು ಬೇರೆ. ಇದನ್ನು ಕಥೆಯ ಉದ್ದಕ್ಕೂ ಲೆಕ್ಕ ಇಟ್ಟು ಖರ್ಚು ಮಾಡಿ.

ಮೊದಲ ರಾತ್ರಿ ಕಳ್ಳಿಯನ್ನು ಹಿಡಿದಾಗ ಡ್ಯೂಕ್ 'ಯಾರು ನೀನು?' ಅನ್ನುತ್ತಾನೆ. ಅದು ತಿರಸ್ಕಾರದ ನೀನು. ಮದುವೆಯಾದ ಮೇಲೆ ಆಳುಗಳ ಎದುರು 'ನೀವು' ಅನ್ನಲೇಬೇಕು, ಅವಳು ಡಚೆಸ್. ಅದು ನಾಟಕದ ನೀವು. ಕೆಲವು ವಾರಗಳ ನಂತರ ಯಾರೂ ಇಲ್ಲದಾಗಲೂ ಅವನ ಬಾಯಲ್ಲಿ 'ನೀವು' ಬರುತ್ತದೆ. ಅದು ಮರ್ಯಾದೆ. ಅವಳಿಗೆ ಗೊತ್ತಾಗುತ್ತದೆ, ಅವನಿಗೆ ಗೊತ್ತಾಗಿಲ್ಲ. ಕೊನೆಗೆ ಒಂದು ದಿನ ಅವಳೇ ಅವನನ್ನು 'ನೀನು' ಅನ್ನಬೇಕು. ಸಿಟ್ಟಿನಲ್ಲೋ, ಗಾಬರಿಯಲ್ಲೋ. ಯುವರ್ ಗ್ರೇಸ್ ಅಂತಲೇ ಬದುಕಿಡೀ ಕೇಳಿಸಿಕೊಂಡವನಿಗೆ ಅಮ್ಮ ಸತ್ತ ಮೇಲೆ ಯಾರೂ ಅಂದಿರದ ಪದ. ಚುಂಬನದ ದೃಶ್ಯಕ್ಕಿಂತ ಆ ಒಂದು ಪದಕ್ಕೆ ಜಾಸ್ತಿ ಬಿಸಿ ಇರುತ್ತದೆ.

ನಿರೂಪಣೆಯಲ್ಲಿ ಡ್ಯೂಕ್ 'ಅವರು' ಅಲ್ಲ, 'ಅವನು'. ಅವರು ಅಂದ ಕೂಡಲೇ ಅವನು ಶಾಲೆಯ ಹೆಡ್‌ಮಾಸ್ಟರ್ ಆಗಿಬಿಡುತ್ತಾನೆ. 'ಮಹಾಪ್ರಭು', 'ಸನ್ನಿಧಾನ' ಅಂತ ಅನುವಾದಿಸಿದರೆ ಯಕ್ಷಗಾನದ ಕಿರೀಟ ಕಾಣುತ್ತದೆ. ಡ್ಯೂಕ್, ಡಚೆಸ್, ಬಟ್ಲರ್ ಎಲ್ಲ ಹಾಗೇ ಇರಲಿ. ಕಳ್ಳರ ಮಾತು ಮಾತ್ರ ಕಷ್ಟ. ಬೆಂಗಳೂರಿನ ಇವತ್ತಿನ ಗಲ್ಲಿಮಾತು ಹಾಕಿದರೆ ಸೇಂಟ್ ಜೈಲ್ಸ್ ಮಾಯವಾಗಿ ಮೆಜೆಸ್ಟಿಕ್ ಬಂದು ನಿಲ್ಲುತ್ತದೆ. ನಾನು ಮಾಡಿದ್ದು ಇಷ್ಟೇ: ವಾಕ್ಯ ಚಿಕ್ಕದು, ಕ್ರಿಯಾಪದ ಮೊಂಡು, ಮರ್ಯಾದೆಯ ಬಹುವಚನ ಇಲ್ಲ, ಕಸುಬಿಗೆ ಐದಾರು ಗುಟ್ಟಿನ ಪದ. ಕಣ್ಣಿಗೆ 'ದೀಪ', ಗಸ್ತಿನವನಿಗೆ 'ಗೂಬೆ', ನೇಣಿಗೆ 'ಉಯ್ಯಾಲೆ'. ಅರ್ಥ ಎಲ್ಲೂ ಬಿಡಿಸಿ ಹೇಳಲಿಲ್ಲ. ಮೂರನೇ ಸಲಕ್ಕೆ ಓದುಗರಿಗೆ ತಾನಾಗಿ ತಿಳಿಯುತ್ತದೆ.

ಹೆಜ್ಜೆ 9: ಕೊನೆಯ ಜರಡಿ

ಬರೆದು ಮುಗಿಸಿದ ಮೇಲೆ ವಸ್ತುಗಳನ್ನು ಮಾತ್ರ ಹುಡುಕುತ್ತ ಒಮ್ಮೆ ಓದಿ. ಬೆಂಕಿಕಡ್ಡಿ ಗೀರಿದರಾ? ಗೀರುವ ಬೆಂಕಿಕಡ್ಡಿ ಬಂದಿದ್ದು 1820ರ ದಶಕದ ಕೊನೆಗೆ, ಚಕಮಕಿ ಕಲ್ಲು ಕೊಡಿ. ಬಿಗ್ ಬೆನ್ ಗಂಟೆ ಹೊಡೆಯಿತಾ? ಅದು 1859ರದು. ರೈಲು ಇಲ್ಲ. ಬೀದಿದೀಪ ಅಲ್ಲಲ್ಲಿ ಗ್ಯಾಸಿನದು ಇರಬಹುದು, ಪಾಲ್ ಮಾಲ್‌ನಲ್ಲಿ 1807ರಲ್ಲೇ ಹಚ್ಚಿದ್ದರು. ಪತ್ರಕ್ಕೆ ಲಕೋಟೆ ಇಲ್ಲ, ಕಾಗದವನ್ನೇ ಮಡಚಿ ಅರಗು ಹಾಕುತ್ತಿದ್ದರು. ಅಂಚೆಯ ದುಡ್ಡು ಕೊಡುತ್ತಿದ್ದುದು ಸಾಮಾನ್ಯವಾಗಿ ಪಡೆದವರು. ಡ್ಯೂಕ್ ಸಹಿ ಹಾಕಿ ಕಳಿಸಿದರೆ ಪುಕ್ಕಟೆ. ಕಾಗದ ಕೊಳ್ಳಲೂ ಆಗದ ತನ್ನ ಗಲ್ಲಿಯವರಿಗೆ ಅವಳು ಅವನ ಸಹಿಯ ಕೆಳಗೆ ಪತ್ರ ಕಳಿಸಬಹುದು.

ಮುಂಜಾನೆ ಚಹಾ ಕುಡಿಸಿದರೆ ಅದು ಚೀನಾದ ಚಹಾ ಅನ್ನುವುದು ನೆನಪಿರಲಿ. ಅಸ್ಸಾಮಿನ ಎಲೆ ಲಂಡನ್ನಿಗೆ ಇನ್ನೂ ಬಂದಿಲ್ಲ. ಚಹಾದ ಡಬ್ಬಿಗೆ ಬೀಗ ಇರುತ್ತಿತ್ತು, ಕೀಲಿ ಮನೆಯೊಡತಿಯ ಬಳಿ. ಬೀಗ ಮುರಿಯುವುದೇ ಕಸುಬಾಗಿದ್ದ ಹುಡುಗಿಗೆ ಬಟ್ಲರ್ ಆ ಪುಟ್ಟ ಕೀಲಿ ತಂದುಕೊಡುವ ಬೆಳಗ್ಗೆ ಇದೆಯಲ್ಲ, ನನ್ನ ಕಾದಂಬರಿಯನ್ನು ಎರಡನೇ ಸಲ ಬರೆಯುವಾಗ ನಾನು ಶುರು ಮಾಡಿದ್ದು ಅಲ್ಲಿಂದ.